ಹಳೇ ಪೋಸ್ಟಾಫೀಸು ಮ್ಯೂಸಿಯಂ ಆಗುವ ಕೆಲಸ: ಹಂಚು, ಸುಣ್ಣ ಮತ್ತು 48 ಗೂಡು

ಉತ್ತರ ಕನ್ನಡದ ಕರಾವಳಿಯ ಸಣ್ಣ ಊರು ನಮ್ಮದು. ಪೇಟೆಯ ನಡುವೆ ಬ್ರಿಟಿಷರ ಕಾಲದ ಪೋಸ್ಟಾಫೀಸು ಕಟ್ಟಡ ಇದೆ. ಖಾಸಗಿಯವರದ್ದು, ಅಂಚೆ ಇಲಾಖೆ ಬಾಡಿಗೆಗೆ ಇತ್ತು. ಕಚೇರಿ ಹೊಸ ಕಟ್ಟಡಕ್ಕೆ ಹೋದ ಮೇಲೆ ಹನ್ನೊಂದು ವರ್ಷ ಬೀಗ ಬಿದ್ದಿತ್ತು. ಕಟ್ಟಡದ ಮಾಲೀಕರ ಮನೆಯವರು ಅದನ್ನು ಊರಿನ ಇತಿಹಾಸದ ಮ್ಯೂಸಿಯಂ ಮಾಡಲು ಬಿಟ್ಟುಕೊಟ್ಟರು. ನಾನು ಹಾರ್ಡ್‌ವೇರ್ ಅಂಗಡಿ ಇಟ್ಟವನು, ಮರಗೆಲಸ ಅಪ್ಪನಿಂದ ಕಲಿತದ್ದು. ರಿಪೇರಿಯ ಉಸ್ತುವಾರಿ ನನ್ನ ಮೇಲೆ ಬಿತ್ತು. ಇದು ಹದಿಮೂರು ತಿಂಗಳ ಕೆಲಸದ ದಾಖಲೆ. ನೋಟ್‌ಬುಕ್ಕಿನಿಂದ ತೆಗೆದು ಬರೆಯುತ್ತಿದ್ದೇನೆ. ತಪ್ಪಾದದ್ದನ್ನೂ ಹಾಗೇ ಬರೆದಿದ್ದೇನೆ, ಇಂಥ ಕಟ್ಟಡಕ್ಕೆ ಕೈ ಹಾಕುವವರಿಗೆ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಹಂತ 1. ನವೆಂಬರ್ 2023: ಅಳತೆ, ಫೋಟೋ

ಮಳೆ ಪೂರ್ತಿ ನಿಂತ ಮೇಲೆ ಬಾಗಿಲು ತೆಗೆದೆವು. ಜಗುಲಿ ಸೇರಿ 34 ಅಡಿ ಉದ್ದ, 28 ಅಡಿ ಅಗಲ. ಚಿರೇಕಲ್ಲಿನ ಗೋಡೆ, 20 ಇಂಚು ದಪ್ಪ. ಮಂಗಳೂರು ಹಂಚಿನ ಮಾಡು. ಒಳಗೆ 11 ಅಡಿ ಉದ್ದದ ಸಾಗುವಾನಿ ಕೌಂಟರ್, ಗೋಡೆಗೆ ಒರಗಿಸಿಟ್ಟ ಕಾಗದ ವಿಂಗಡಿಸುವ ಕಪಾಟು, ಜಗುಲಿಯ ಕಂಬಕ್ಕೆ ಬಡಿದ ಬೀಡು ಕಬ್ಬಿಣದ ಪತ್ರದ ಡಬ್ಬ. ಮೂಲೆಯಲ್ಲಿ ಒಂದು ತಕ್ಕಡಿ, ಒಡೆದ ಅರಗಿನ ಚೂರು ತುಂಬಿದ ಡಬ್ಬಿ.

ಸಾಮಾನು: 5 ಮೀಟರ್ ಟೇಪು, ತೂಗುಗುಂಡು, 1,800 ರೂಪಾಯಿಯ ತೇವ ಅಳೆಯುವ ಮೀಟರ್, ಫೋನು. ಆ ಮೀಟರ್ ಮರಕ್ಕೆ ಅಂತ ಮಾಡಿದ್ದು. ಗೋಡೆಗೆ ಚುಚ್ಚಿದರೆ ಬರುವ ಅಂಕಿಯನ್ನು ಒಂದು ಜಾಗಕ್ಕೂ ಇನ್ನೊಂದು ಜಾಗಕ್ಕೂ ಹೋಲಿಸಲು ಮಾತ್ರ ಬಳಸಬೇಕು. ನೆಲದಿಂದ ಒಂದು ಅಡಿ ಎತ್ತರದಲ್ಲಿ ಎಲ್ಲ ಕಡೆ ಮುಳ್ಳು ಕೊನೆಗೆ ಹೋಯಿತು. ಆರು ಅಡಿ ಎತ್ತರದಲ್ಲಿ ಗೋಡೆ ಒಣಗಿತ್ತು. ಅಂದರೆ ನೀರು ಬರುತ್ತಿದ್ದುದು ಕೆಳಗಿನಿಂದ.

ಗೋಡೆಯ, ಮಾಡಿನ ಫೋಟೋ 340 ತೆಗೆದೆ. ಕಪಾಟಿನದ್ದು ಬರೀ ನಾಲ್ಕು. ಇದು ಮುಂದೆ ಎಷ್ಟು ಕಾಡಿತು ಅಂತ ಹಂತ 6ರಲ್ಲಿ ಬರುತ್ತದೆ.

ಹಂತ 2. ಡಿಸೆಂಬರ್ 2023: ಮಾಡು

ಸುಮಾರು 1,500 ಹಂಚು ಇಳಿಸಿದೆವು. ಒಡೆದಿದ್ದು 260. ಹಳೇ ಮನೆ ಕೆಡವಿದವರ ಹತ್ತಿರ ಒಂದಕ್ಕೆ 22 ರೂಪಾಯಿಯಂತೆ ಅಷ್ಟೂ ಸಿಕ್ಕಿತು, 5,720 ರೂಪಾಯಿ. ಹೊಸ ಹಂಚಿನ ತೋಡು ಹಳೆಯದಕ್ಕೆ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಹಳೆಯದನ್ನೇ ಹುಡುಕಿ. ಪಕಾಸು (ಮಾಡಿನ ಓರೆ ತೊಲೆಗಳು) ಗಟ್ಟಿ ಇದ್ದವು. ಹಂಚು ಕೂರುವ ಪಟ್ಟಿ, ಅಂದರೆ ರೀಪು, 600 ಅಡಿ ಬದಲಾಯಿಸಬೇಕಾಯಿತು, 16,800 ರೂಪಾಯಿ. ಇಬ್ಬರ ಹನ್ನೊಂದು ದಿನದ ಕೂಲಿ 24,200.

ರೀಪಿನ ತುದಿಗೆ ಗೆದ್ದಲು ಬಾರದಂತೆ ಗೇರೆಣ್ಣೆ ಹಚ್ಚಿದೆವು. ಗೇರುಬೀಜದ ಸಿಪ್ಪೆಯ ಎಣ್ಣೆ ಅದು, ಚರ್ಮ ಸುಡುತ್ತದೆ. ಕೈಗವಸು ತರಲು ನಾನು ಮರೆತಿದ್ದೆ. ಸಹಾಯಕ್ಕೆ ಬಂದ ಹುಡುಗನ ಎರಡೂ ಅಂಗೈ ಬೊಬ್ಬೆ ಬಂದು ಒಂದು ವಾರ ಕೆಲಸ ಬಿಟ್ಟ. ಆ ವಾರದ ಕೂಲಿ ಕೊಟ್ಟೆ, ಆದರೆ ನೋವು ಅವನಿಗೇ ಆಯಿತಲ್ಲ. ಗೇರೆಣ್ಣೆ ಡಬ್ಬ ತೆಗೆಯುವ ಮೊದಲು ರಬ್ಬರ್ ಕೈಗವಸು ಹಾಕಿ, ತೆಂಗಿನೆಣ್ಣೆಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಇದೇ ಹಂತದಲ್ಲಿ ಇನ್ನೊಂದು ತಪ್ಪು. ತುಂಬಾ ಹಂಚಿನ ಹಿಂದೆ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ) ಮುದ್ರೆ, ಜೊತೆಗೆ 1865 ಅಂತ ಇತ್ತು. ಕಟ್ಟಡ 1865ರದ್ದು ಅಂತ ಎಲ್ಲರಿಗೂ ಖುಷಿ. 1,800 ರೂಪಾಯಿ ಕೊಟ್ಟು ಬೋರ್ಡೂ ಬರೆಸಿದೆವು. ಆದರೆ 1865 ಅಂದರೆ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆಮೇಲೆ ಎಷ್ಟೋ ವರ್ಷ ಮಾಡಿದ ಹಂಚಿನ ಮೇಲೂ ಅದನ್ನೇ ಒತ್ತುತ್ತಿದ್ದರು. ಹಿಂದಿನ ಇಳಿಜಾರಿನಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಮುದ್ರೆಯ ಹಂಚೂ ಸಿಕ್ಕಿತು. ಮೊದಲ ಮಹಾಯುದ್ಧದ ಸಮಯದಲ್ಲಿ ಮಿಶನ್‌ನ ಕಾರ್ಖಾನೆಗಳು ಕೈತಪ್ಪಿ ಆ ಟ್ರಸ್ಟಿಗೆ ಹೋದವು. ಅಂದರೆ ಆ ಭಾಗಕ್ಕೆ ಹಂಚು ಹಾಕಿದ್ದು ಯುದ್ಧದ ನಂತರ. ಕೊನೆಗೆ ಮನೆಯವರ ಪೆಟ್ಟಿಗೆಯಲ್ಲಿ ಬಾಡಿಗೆ ಕರಾರು ಸಿಕ್ಕಿತು, 1911ರದ್ದು. ಈಗಿನ ಬೋರ್ಡಿನಲ್ಲಿ ‘1911ರ ಬಾಡಿಗೆ ಕರಾರಿನಲ್ಲಿ ಈ ಕಟ್ಟಡದ ಹೆಸರಿದೆ’ ಅಂತಷ್ಟೇ ಬರೆಸಿದ್ದೇವೆ. ಎರಡೂ ಮುದ್ರೆಯ ಹಂಚನ್ನು ಅಕ್ಕಪಕ್ಕ ಮಗುಚಿ ಇಟ್ಟಿದ್ದೇವೆ. ಬಂದವರು ಬೆರಳಾಡಿಸಿ ಅಕ್ಷರ ಓದುತ್ತಾರೆ.

ಒಡೆದ 260 ಹಂಚನ್ನು ಎಸೆಯಲಿಲ್ಲ. ಅದು ಮುಂದಿನ ಹಂತಕ್ಕೆ ಬೇಕಾಯಿತು.

ಹಂತ 3. ಜನವರಿಯಿಂದ ಏಪ್ರಿಲ್ 2024: ಗೋಡೆ

ಜಾಸ್ತಿ ಸಮಯ ತಿಂದ ಹಂತ ಇದು. ಜಾಸ್ತಿ ಕಲಿತದ್ದೂ ಇಲ್ಲೇ.

ಯಾವಾಗಲೋ ಯಾರೋ ಒಳಗೋಡೆಗೆ ನೆಲದಿಂದ ನಾಲ್ಕು ಅಡಿ ಎತ್ತರಕ್ಕೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದರು. ಗೋಡೆ ಒದ್ದೆಯಾಗುತ್ತದೆ, ಸಿಮೆಂಟ್ ಹೊಡೆದರೆ ನಿಲ್ಲುತ್ತದೆ ಅಂತ ಅಂದುಕೊಂಡಿರಬೇಕು. ಚಿರೇಕಲ್ಲು ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚಿಬಿಟ್ಟಿತ್ತು. ನೀರು ಪ್ಲಾಸ್ಟರಿನ ಹಿಂದೆಯೇ ಮೇಲೇರಿ ಐದನೇ ಅಡಿಯಲ್ಲಿ ಹೊರಬಂದು, ಅಲ್ಲಿ ಬಿಳಿ ಉಪ್ಪು ಹೂವಿನ ಹಾಗೆ ಅರಳಿತ್ತು. ಕೈಯಿಂದ ಒರೆಸಿದರೆ ಕಲ್ಲು ಪುಡಿಯಾಗಿ ಉದುರುತ್ತಿತ್ತು.

ಮೊದಲ ತಪ್ಪು ಇಲ್ಲೇ. ಬೇಗ ಮುಗಿಯಲಿ ಅಂತ ಗೋಡೆ ಒಡೆಯುವ ಕರೆಂಟಿನ ಬ್ರೇಕರ್ ಬಾಡಿಗೆಗೆ ತಂದೆ, ದಿನಕ್ಕೆ 900 ರೂಪಾಯಿ. ಸಿಮೆಂಟ್ ಗಟ್ಟಿ, ಒಳಗಿನ ಚಿರೇಕಲ್ಲು ಮೆತ್ತಗೆ. ಸಿಮೆಂಟ್ ಹೋಗುವಾಗ ಕಲ್ಲಿನ ಮುಖವನ್ನೂ ಕಿತ್ತುಕೊಂಡೇ ಹೋಯಿತು. ಒಂದು ಗಂಟೆಯಲ್ಲಿ ಒಂಬತ್ತು ಕಲ್ಲು ಹಾಳು. ಮೇಸ್ತ್ರಿ ಬಂದು ಪ್ಲಗ್ ಕಿತ್ತರು. ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು. “ತಮಾ, ಗಾಯಕ್ಕೆ ಅಂಟಿದ ಬಟ್ಟೆ ಬಿಡಿಸುವ ಹಾಗೆ ಬಿಡಿಸಬೇಕು ಇದನ್ನ” ಅಂದರು. ಆಮೇಲೆ ಸಣ್ಣ ಚಾಣ, ಒಂದು ಕಿಲೋ ಸುತ್ತಿಗೆ. ಅಂಚಿನಿಂದ ಶುರು ಮಾಡಿ ಸಪಾಟಾಗಿ ಹೊಡೆದು ಚಕ್ಕೆ ಚಕ್ಕೆಯಾಗಿ ಎಬ್ಬಿಸುವುದು. 420 ಚದರ ಅಡಿಗೆ ಎಂಟು ದಿನ ಬೇಕಾಯಿತು. ಆ ಎಂಟು ದಿನದಲ್ಲಿ ಒಂದು ಕಲ್ಲೂ ಹೋಗಲಿಲ್ಲ.

ನೀರು ಕೆಳಗಿನಿಂದ ಏಕೆ ಬರುತ್ತಿತ್ತು? ರಸ್ತೆಗೆ ಮತ್ತೆ ಮತ್ತೆ ಡಾಂಬರು ಹಾಕಿ ಹೊರಗಿನ ಮಟ್ಟ 14 ಇಂಚು ಮೇಲೆ ಬಂದಿತ್ತು. ಅಂಗಳದ ಕಾಂಕ್ರೀಟಿನ ಇಳಿಜಾರು ಗೋಡೆಯ ಕಡೆಗೇ ಇತ್ತು. ಎಲ್ಲಕ್ಕಿಂತ ಮೊದಲು ಮಾಡಬೇಕಿದ್ದ ಕೆಲಸ ಇದು. ನಾನು ಒಳಗೋಡೆಗೆ ಕೈ ಹಾಕಿದ ಮೇಲೆ ಗಮನಿಸಿದೆ. ಗೋಡೆಯ ಸುತ್ತ ಕಾಂಕ್ರೀಟ್ ಕತ್ತರಿಸಿ, ಒಂದು ಅಡಿ ಅಗಲ, ಒಂದೂವರೆ ಅಡಿ ಆಳ ಅಗೆದು, ಜಲ್ಲಿ ತುಂಬಿ, ನೀರು ಚರಂಡಿಗೆ ಹೋಗುವ ಹಾಗೆ ಮಾಡಿದೆವು. 14,500 ರೂಪಾಯಿ. ಒಂದು ತಿಂಗಳಲ್ಲಿ ಮೀಟರಿನ ಮುಳ್ಳು ಅರ್ಧಕ್ಕೆ ಇಳಿಯಿತು. ಒಳಗೆ ಇನ್ನೂ ಏನೂ ಹಚ್ಚಿರಲಿಲ್ಲ!

ಉಪ್ಪು ತೆಗೆಯಲು ಹಳೇ ಪೇಪರ್ ನೆನೆಸಿ, ಅರೆದು, ಮುದ್ದೆ ಮಾಡಿ ಅರ್ಧ ಇಂಚು ದಪ್ಪಕ್ಕೆ ಗೋಡೆಗೆ ಮೆತ್ತಿದೆವು. ಒಣಗುವಾಗ ಅದು ಗೋಡೆಯ ಉಪ್ಪನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಒಣಗಿದ ಮೇಲೆ ಕಿತ್ತು ದೂರ ಎಸೆಯಬೇಕು. ಮೂರು ಸುತ್ತು ಮಾಡಿದೆವು.

ಸುಣ್ಣ: 25 ಕಿಲೋದ ಒಂಬತ್ತು ಚೀಲ ಸುಟ್ಟ ಚಿಪ್ಪಿನ ಸುಣ್ಣ, 4,500 ರೂಪಾಯಿ. ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವೇ ಸುಣ್ಣ. ತಿರುಗಾಮುರುಗಾ ಮಾಡಿದರೆ ಸಿಡಿಯುತ್ತದೆ. ಕುದಿಯುವ ಸದ್ದು ಅಂಗಳದ ಆಚೆಗೂ ಕೇಳುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಅರಳಿದ ಸುಣ್ಣವನ್ನು ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮೂರು ವಾರ ಬಿಟ್ಟೆವು. ಕೊನೆಗೆ ಬೆಣ್ಣೆಯ ಹಾಗೆ ಬಂತು, ಕರಣೆಯಿಂದ ಜಾರುವ ಹಾಗೆ.

ಒಡೆದ ಹಂಚನ್ನು ಗಿರಣಿಯಲ್ಲಿ ಪುಡಿ ಮಾಡಿಸಿ ಸುರ್ಕಿ ಮಾಡಿಕೊಂಡೆವು, 1,200 ರೂಪಾಯಿ. ಗಾರೆಯ ಪ್ರಮಾಣ: ಸುಣ್ಣ 1, ಮರಳು 2, ಸುರ್ಕಿ 1.

ಎರಡನೇ ತಪ್ಪು ಮರಳಿನದ್ದು. ಕಡಿಮೆಗೆ ಸಿಗುತ್ತದೆ ಅಂತ ಮೊದಲ ಲೋಡು ಹೊಳೆ ಸಮುದ್ರ ಸೇರುವ ಅಳಿವೆ ಹತ್ತಿರದ ಮರಳು ತರಿಸಿದೆ. ಮೇಸ್ತ್ರಿ ಆ ದಿನ ಬಂದಿರಲಿಲ್ಲ, ನಾನು ಕಾಯಲಿಲ್ಲ. ಪಶ್ಚಿಮದ ಗೋಡೆಗೆ ಅದೇ ಗಾರೆ ಹಚ್ಚಿಸಿದೆ. ಹತ್ತು ದಿನಕ್ಕೆ ಇಡೀ ಗೋಡೆ ಬೆಳ್ಳಗೆ ಹೂತಿತು. ನಾವು ಮೂರು ಸುತ್ತು ಕಷ್ಟಪಟ್ಟು ತೆಗೆದ ಉಪ್ಪನ್ನು ನಾನೇ ದುಡ್ಡು ಕೊಟ್ಟು ವಾಪಸ್ ತಂದಿದ್ದೆ. ಮೇಸ್ತ್ರಿ ರಾಶಿಯಿಂದ ಒಂದು ಚಿಟಿಕೆ ಮರಳು ತೆಗೆದು ನಾಲಿಗೆಗೆ ಇಟ್ಟರು, ಉಗುಳಿದರು, ನನ್ನ ಕೈಗೂ ಒಂದು ಚಿಟಿಕೆ ಹಾಕಿದರು. ಉಪ್ಪಿನಕಾಯಿ ಭರಣಿಯ ತಳದ ಹಾಗಿತ್ತು. ಎಲ್ಲ ಕಿತ್ತೆವು. ಹೋದ ದುಡ್ಡು 6,300. ಎರಡನೇ ಲೋಡು ಘಟ್ಟದ ಬುಡದ ಹೊಳೆಯದ್ದು, 9,000 ರೂಪಾಯಿ, ಲಾರಿಯಿಂದ ಇಳಿಸುವ ಮೊದಲೇ ನಾನೇ ನಾಲಿಗೆಗೆ ಇಟ್ಟು ನೋಡಿದೆ.

ಮೂರನೆಯದು ಬಿಸಿಲು. ಮಾರ್ಚಿನಲ್ಲಿ ದಕ್ಷಿಣದ ಕಿಟಕಿಗಳನ್ನು ತೆರೆದಿಟ್ಟು ಕೆಲಸ ಮಾಡಿದೆವು. ಬಿಸಿಲು ನೇರ ಬಿದ್ದ ಜಾಗದಲ್ಲಿ ಮರುದಿನ ಜೇಡರ ಬಲೆಯ ಹಾಗೆ ಬಿರುಕು. ಆಮೇಲೆ ಕಿಟಕಿಗೆ ಗೋಣಿ ತಾಟು ಕಟ್ಟಿ, ಗೋಡೆಯನ್ನು ಮೊದಲು ಚೆನ್ನಾಗಿ ನೆನೆಸಿ, ಒಂದು ಸಲಕ್ಕೆ 10 ಮಿಲಿಮೀಟರಿಗಿಂತ ದಪ್ಪ ಹಚ್ಚದೆ, ಎರಡು ಕೋಟಿನ ನಡುವೆ ಎಂಟು ದಿನ ಬಿಟ್ಟೆವು. ದಿನಕ್ಕೆ ಮೂರು ಸಲ ನೀರು ಚಿಮುಕಿಸುವುದು. ಬಿರುಕು ಮತ್ತೆ ಬರಲಿಲ್ಲ. ಮೇಸ್ತ್ರಿ ಮತ್ತು ಸಹಾಯಕ್ಕೆ 26 ದಿನಕ್ಕೆ 52,000 ರೂಪಾಯಿ. ಮೇಲೆ ಪೇಂಟ್ ಇಲ್ಲ, ಸುಣ್ಣ ಮಾತ್ರ.

ಹಂತ 4. ಮೇ 2024: ಪತ್ರದ ಡಬ್ಬ

ಎತ್ತರ 24 ಇಂಚು, ಅಗಲ 12, ಆಳ 10. ಬಾಗಿಲು ತುಕ್ಕು ಹಿಡಿದು ಚೌಕಟ್ಟಿಗೆ ಅಂಟಿತ್ತು. ಹಳೇ ಬಣ್ಣದಲ್ಲಿ ಸೀಸ ಇರುತ್ತದೆ, ಹಾಗಾಗಿ ಒಣ ಉಜ್ಜುವುದು ಬೇಡ ಅಂತ ನೀರು ಹಾಕಿ ವಾಟರ್ ಪೇಪರಿನಲ್ಲೇ ಉಜ್ಜಿದೆ, ಮಾಸ್ಕ್ ಹಾಕಿಕೊಂಡು. ಹಿಂಭಾಗದಲ್ಲಿ ಅಂಗೈ ಅಗಲದ ಜಾಗ ಹಾಗೇ ಬಿಟ್ಟಿದ್ದೇನೆ. ಅಲ್ಲಿ ಏಳು ಪದರ ಕೆಂಪು ಮೆಟ್ಟಿಲಿನ ಹಾಗೆ ಕಾಣುತ್ತದೆ.

ಬಾಗಿಲು ಮತ್ತು ಬೀಗಕ್ಕೆ ಕರೆಂಟಿನ ಉಪಾಯ. 40 ಲೀಟರ್ ಪ್ಲಾಸ್ಟಿಕ್ ಬಕೆಟ್, ಹತ್ತು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್, ಒಂದು ತುಂಡು ಕಬ್ಬಿಣದ ಸರಳು. ಚಾರ್ಜರಿನ ನೆಗೆಟಿವ್ ತುಕ್ಕು ಹಿಡಿದ ವಸ್ತುವಿಗೆ, ಪಾಸಿಟಿವ್ ಸರಳಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಅದಲು ಬದಲಾದರೆ ಡಬ್ಬವೇ ಕರಗುತ್ತದೆ, ಎರಡು ಸಲ ನೋಡಿ ಸ್ವಿಚ್ ಹಾಕಿ. ಸರಳಿನ ಬದಲು ಸ್ಟೀಲ್ ಚಮಚ ಹಾಕಬೇಡಿ, ನೀರು ವಿಷವಾಗುತ್ತದೆ. ಹೈಡ್ರೋಜನ್ ಗುಳ್ಳೆ ಬರುವುದರಿಂದ ಬಯಲಲ್ಲೇ ಇಡಬೇಕು, ಹತ್ತಿರ ಬೆಂಕಿ ಬೇಡ. ಹದಿನಾರು ಗಂಟೆಯಲ್ಲಿ ತುಕ್ಕು ಕಪ್ಪು ಮಸಿಯಾಗಿ ಬ್ರಶ್ಶಿಗೆ ಬಂತು.

ಬೆಳಿಗ್ಗೆ ಪ್ರೈಮರ್ ಹೊಡೆದರಾಯಿತು ಅಂತ ರಾತ್ರಿ ಹಾಗೇ ಬಿಟ್ಟು ಮಲಗಿದೆ. ಸಮುದ್ರದ ಗಾಳಿಗೆ ಬೆಳಗಾಗುವುದರೊಳಗೆ ಬಾಗಿಲು ಪೂರ್ತಿ ಮತ್ತೆ ಕಿತ್ತಳೆ ಬಣ್ಣ. ಎರಡನೇ ಸಲ ಬಕೆಟ್ಟಿನಿಂದ ತೆಗೆದು, ತೊಳೆದು, ಬಿಸಿಲಿಗಿಟ್ಟು, ಎರಡು ಗಂಟೆಯೊಳಗೆ ರೆಡ್ ಆಕ್ಸೈಡ್ ಹೊಡೆದೆ. ಒಟ್ಟು ಖರ್ಚು 2,150.

ಒಳಗೆ ತಳದಲ್ಲಿ ಒಂದು ತಗಡಿನ ಬಿಲ್ಲೆ ಸಿಕ್ಕಿತು, ಮೇಲೆ 4 ಅಂತ ಅಂಕಿ. ಮುಂದಿನ ಸಲ ಡಬ್ಬ ತೆಗೆಯುವ ಹೊತ್ತನ್ನು ತೋರಿಸುವ ಬಿಲ್ಲೆ ಅದು. ಕಾಗದ ತೆಗೆದ ಹಾಗೆ ಅಂಚೆಯಣ್ಣ ಬದಲಾಯಿಸುತ್ತಿದ್ದ. ಈಗ ಅದನ್ನು ಅದರ ಕಿಂಡಿಯಲ್ಲೇ ಕೂರಿಸಿದ್ದೇವೆ.

ಹಂತ 5. ಜೂನ್ 2024: ಕೌಂಟರ್, ತಕ್ಕಡಿ

ಹೊರಗೆ ಮಳೆ, ಒಳಗೆ ಮರದ ಕೆಲಸ. ಕೌಂಟರ್ 42 ಇಂಚು ಎತ್ತರ, ಮೇಲೆ ದಪ್ಪ ಕಂದು ಆಯಿಲ್ ಪೇಂಟ್. ಹೀಟ್ ಗನ್ ಬಳಸಲಿಲ್ಲ, ಸೀಸದ ಹೊಗೆ ಬರುತ್ತದೆ ಅಂತ. ಪೇಂಟ್ ತೆಗೆಯುವ ಜೆಲ್ ಹಚ್ಚಿ, ಅರ್ಧ ಗಂಟೆ ಬಿಟ್ಟು, ಮರದ ಪಟ್ಟಿಯಿಂದ ಕೆರೆದೆವು.

ಪೇಂಟ್ ಹೋದ ಮೇಲೆ ಹಲಗೆ ಮಾತಾಡಲು ಶುರು ಮಾಡಿತು. ಎಡಗಡೆಯ ಕಿಂಡಿಯ ಹಿಂದೆ ಒಂದು ಬಟ್ಟಲಿನಷ್ಟು ಅಗಲ ಹಲಗೆ ತಗ್ಗಾಗಿದೆ. ಸ್ಕೇಲ್ ಇಟ್ಟು ಅಳೆದರೆ 6 ಮಿಲಿಮೀಟರ್ ಆಳ. ತಾರೀಕಿನ ಮುದ್ರೆ ಹೊಡೆಯುತ್ತಿದ್ದ ಜಾಗ ಅದು. ದಿನಾ ನೂರಾರು ಸಲ, ಎಷ್ಟೋ ವರ್ಷ, ಒಂದೇ ಜಾಗಕ್ಕೆ ಬಿದ್ದ ಪೆಟ್ಟು. ಬೆರಳು ಇಟ್ಟರೆ ಗೊತ್ತಾಗುತ್ತದೆ, ನುಣುಪಾಗಿದೆ. ಅದರ ಪಕ್ಕ ರಿಜಿಸ್ಟರ್ಡ್ ಕಾಗದಕ್ಕೆ ಸೀಲು ಹಾಕುವಾಗ ಬಿದ್ದ ಅರಗಿನ ಹನಿಗಳು, ಒಣಗಿದ ಕುಂಕುಮದ ಹಾಗೆ. ನಮ್ಮ ಆಚಾರಿ ತಗ್ಗಿಗೆ ಪುಟ್ಟಿ ತುಂಬಿ ಮಟ್ಟ ಮಾಡಲು ಹೊರಟಿದ್ದ. ಕೈ ಹಿಡಿದು ನಿಲ್ಲಿಸಿದೆ. ಇಡೀ ಕಟ್ಟಡದಲ್ಲಿ ಇಷ್ಟು ಬೆಲೆಯ ವಸ್ತು ಇನ್ನೊಂದಿಲ್ಲ ಅಂತ ನನಗೆ ಈಗಲೂ ಅನಿಸುತ್ತದೆ. ಅಗಸೆ ಎಣ್ಣೆ ಎರಡು ಕೈ ಉಜ್ಜಿ ಬಿಟ್ಟೆವು, ವಾರ್ನಿಶ್ ಇಲ್ಲ.

ಹಲಗೆಗಳ ಸಂದಿಯಿಂದ ಒಂದು ಸ್ಟೀಲ್ ನಿಬ್ಬು, ಒಂದು ಕಾಲಾಣೆ ಬಂತು. 1879ರಲ್ಲಿ ಪೋಸ್ಟ್‌ಕಾರ್ಡ್ ಶುರುವಾದಾಗ ಅದರ ಬೆಲೆ ಕಾಲಾಣೆ. ಯಾರ ಕೈಯಿಂದ ಜಾರಿತೋ, ಆ ದಿನ ಕಾರ್ಡು ಕೊಂಡರೋ ಇಲ್ಲವೋ.

ತಕ್ಕಡಿಯ ಹಿತ್ತಾಳೆಯ ತೂಕದ ಬಟ್ಟುಗಳು ತೊಲದ ಲೆಕ್ಕದವು. ಒಂದು ತೊಲ ಅಂದರೆ 11.66 ಗ್ರಾಂ. 1854ರಲ್ಲಿ ಇಡೀ ದೇಶಕ್ಕೆ ಒಂದೇ ದರ ಬಂದಾಗ ಕಾಲು ತೊಲದ ಕಾಗದಕ್ಕೆ ಅರ್ಧ ಆಣೆ. ನಮ್ಮ 5 ತೊಲದ ಬಟ್ಟನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದೆ. 58.3 ಗ್ರಾಂ ಇರಬೇಕಿತ್ತು, 58.1 ಬಂತು. ಚಿಕ್ಕದೊಂದನ್ನು ಹಿತ್ತಾಳೆ ಪಾಲಿಶ್ ಹಾಕಿ ಥಳಥಳ ಮಾಡಿದ್ದೆ. ಅದರ ಮೇಲಿನ ಮುದ್ರೆ ಅರ್ಧ ಮಾಸಿಹೋಯಿತು. ಉಳಿದವನ್ನು ಒಣ ಹತ್ತಿಬಟ್ಟೆಯಲ್ಲಿ ಒರೆಸಿ ಇಟ್ಟೆ, ಅಷ್ಟೇ.

ಹಂತ 6. ಜುಲೈ 2024: ವಿಂಗಡಣೆಯ ಕಪಾಟು

ಬರೆಯಲು ಕಷ್ಟವಾಗುವ ಹಂತ ಇದು.

ಅಂಚೆಯವರು ಇದನ್ನು ಸಾರ್ಟಿಂಗ್ ಕೇಸ್ ಅನ್ನುತ್ತಾರೆ. 46 ಇಂಚು ಅಗಲ, 32 ಇಂಚು ಎತ್ತರ, 10 ಇಂಚು ಆಳ. ಎಂಟು ಕಂಬ, ಆರು ಸಾಲು, ಒಟ್ಟು 48 ಗೂಡು. ಪ್ರತಿ ಗೂಡಿನ ಕೆಳಗಿನ ಪಟ್ಟಿ ಕೊಳೆ ಹಿಡಿದು ಕಪ್ಪಾಗಿತ್ತು. ಸ್ಯಾಂಡರ್ ಮೆಷಿನ್‌ಗೆ 80 ನಂಬರಿನ ಪೇಪರ್ ಹಾಕಿ ಎಡದಿಂದ ಶುರು ಮಾಡಿದೆ. ಇಪ್ಪತ್ತು ನಿಮಿಷ, 19 ಗೂಡು. ಮರ ಚೆನ್ನಾಗಿ ಹೊಳೆಯುತ್ತಿತ್ತು. ಧೂಳಿನ ಚೀಲ ಖಾಲಿ ಮಾಡುವಾಗ ಉಗುರಿನಷ್ಟು ಒಂದು ಕಾಗದದ ಚೂರು ಕೈಗೆ ಬಂತು. ಅದರ ಮೇಲೆ ಶಾಯಿಯಲ್ಲಿ ‘ನ್ನಾವರ’ ಅಂತ ಇತ್ತು.

ಹೊನ್ನಾವರ. ನಾನು ಕೊಳೆ ಅಂದುಕೊಂಡಿದ್ದು ಚೀಟಿ. ಪ್ರತಿ ಗೂಡಿಗೂ ಊರಿನ ಹೆಸರು ಅಂಟಿಸಿದ್ದರು. ಹಳೆಯದರ ಮೇಲೆ ಹೊಸದು, ಮೇಲೆ ಮಸಿ, ಎಣ್ಣೆ, ಕೈ ಜಿಡ್ಡು. ಹತ್ತೊಂಬತ್ತು ಹೆಸರನ್ನು ನಾನು ಧೂಳು ಮಾಡಿದ್ದೆ. ಮೆಷಿನ್ ಆಫ್ ಮಾಡಿ ಜಗುಲಿಗೆ ಬಂದು ಕುಳಿತೆ. ಆ ದಿನ ಮತ್ತೆ ಏನೂ ಮುಟ್ಟಲಿಲ್ಲ. ನವೆಂಬರಿನಲ್ಲಿ ತೆಗೆದ ನಾಲ್ಕು ಫೋಟೋ ಹಿಗ್ಗಿಸಿ ನೋಡಿದೆ. ದೂರದಿಂದ ತೆಗೆದಿದ್ದು, ಕಪ್ಪು ಪಟ್ಟಿ ಬಿಟ್ಟರೆ ಏನೂ ಕಾಣಲಿಲ್ಲ.

ಉಳಿದ 29 ಗೂಡಿಗೆ ಮಾಡಿದ ಕ್ರಮ ಇದು. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಒಂದೊಂದು ಪಟ್ಟಿಗೂ ಐದೈದು ಫೋಟೋ. ಫೋನಿನಲ್ಲೇ ಕಾಂಟ್ರಾಸ್ಟ್ ಏರಿಸಿದರೆ 24 ಹೆಸರು ಓದಲು ಬಂತು. ಆಮೇಲೆ ಬಡ್ಸಿನ ತುದಿಗೆ ಎಂಜಲು ತಾಗಿಸಿ ಮೆಲ್ಲಗೆ ಉರುಳಿಸಿದಾಗ ಜಿಡ್ಡು ಬಂದು, ಉಳಿದ ಐದೂ ಕಂಡವು. ಒಂದು ಗೂಡಿಗೆ ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಕೊಡಲಿಲ್ಲ.

ಕುಮಟಾ, ಅಂಕೋಲಾ, ಶಿರಸಿ, ಯಲ್ಲಾಪುರ. ಕೆಲವದರ ಪಕ್ಕ ಬೇರೆ ಶಾಯಿಯಲ್ಲಿ ಪಿನ್‌ಕೋಡ್, 581343, 581314, 581401. ಪಿನ್‌ಕೋಡ್ ಬಂದದ್ದು 1972ರಲ್ಲಿ, ಅಂದರೆ ಚೀಟಿ ಅದಕ್ಕಿಂತ ಹಳೆಯದು, ಅಂಕಿ ಆಮೇಲೆ ಸೇರಿಸಿದ್ದು. ಒಂದು ಚೀಟಿ ತಾನಾಗಿ ಎದ್ದಿತ್ತು. ಬಿಸಿನೀರಿನ ಹಬೆ ತೋರಿಸಿ ಎಬ್ಬಿಸಿದೆ, ಮೈದಾ ಅಂಟು ಸಡಿಲವಾಯಿತು. ಅಡಿಯಲ್ಲಿ ಇಂಗ್ಲಿಷಿನಲ್ಲಿ ಬಾಂಬೆ ಅಂತ ಬರೆದ ಇನ್ನೊಂದು ಚೀಟಿ. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಆಡಳಿತದಲ್ಲಿ ಬೊಂಬಾಯಿಗೇ ಸೇರಿತ್ತಲ್ಲ. ಬೇರೆ ಚೀಟಿಗಳನ್ನು ಎಬ್ಬಿಸಲಿಲ್ಲ. ಮೇಲಿನದನ್ನು ಹಾಳು ಮಾಡಿ ಕೆಳಗಿನದನ್ನು ನೋಡುವ ಆಸೆ ಬೇಡ ಅನಿಸಿತು.

ಹಂತ 7. ಆಗಸ್ಟ್‌ನಿಂದ ಅಕ್ಟೋಬರ್ 2024: ಗಾಜಿನ ಪೆಟ್ಟಿಗೆ, ಬೆಳಕು

ನಾಲ್ಕು ಗಾಜಿನ ಪೆಟ್ಟಿಗೆ 38,000, ಬೆಳಕು 11,600. ಹಳೇ ಕಾಗದಕ್ಕೆ 50 ಲಕ್ಸ್ (ಬೆಳಕಿನ ಅಳತೆ) ಸಾಕು. ನೋಡುವವರಿಗೆ ಮೊದಲು ಮಂಕು ಅನಿಸುತ್ತದೆ, ಎರಡು ನಿಮಿಷಕ್ಕೆ ಕಣ್ಣು ಒಗ್ಗುತ್ತದೆ. ಫೋನ್ ಆ್ಯಪ್ ನಂಬಿ ಅಳೆದದ್ದು ತಪ್ಪಾಯಿತು. ಲಕ್ಸ್ ಮೀಟರ್ ಎರವಲು ತಂದು ನೋಡಿದರೆ ಎರಡರಷ್ಟು ಬೆಳಕಿತ್ತು, ಡಿಮ್ಮರ್ ಹಾಕಿದೆವು.

ಪೆಟ್ಟಿಗೆಗೆ ಸುತ್ತಲೂ ಸಿಲಿಕಾನ್ ಹೊಡೆದು ಬಿಗಿ ಮಾಡಿದ್ದೆ. ಆಗಸ್ಟಿನ ತೇವದಲ್ಲೇ ಮುಚ್ಚಿದ್ದರಿಂದ ತೇವವೂ ಒಳಗೇ ಸಿಕ್ಕಿಕೊಂಡು ಗಾಜಿನ ಒಳಮೈ ಮಂಜಾಯಿತು. ಪುಣ್ಯಕ್ಕೆ ಒಳಗಿದ್ದುದು ನಕಲು ಪ್ರತಿ. ತಳದಲ್ಲಿ ಎರಡು ತೂತು ಕೊರೆದು ಸಣ್ಣ ಜಾಲರಿ ಕೂರಿಸಿ, ತೇವ ಹೀರುವ ಸಿಲಿಕಾ ಜೆಲ್ಲಿಗೆ ಪ್ರತ್ಯೇಕ ಡ್ರಾಯರ್ ಮಾಡಿದೆವು. ಜೆಲ್ ಬಣ್ಣ ಬದಲಾದರೆ ಪೆಟ್ಟಿಗೆ ತೆರೆಯದೇ ತೆಗೆಯಬಹುದು.

ಇಲ್ಲಿವರೆಗಿನ ಒಟ್ಟು ಖರ್ಚು 1,91,370 ರೂಪಾಯಿ. ಮಾಡು 46,720, ಗೋಡೆ 87,500, ಡಬ್ಬ 2,150, ಕೌಂಟರ್ ಮತ್ತು ಕಪಾಟು 5,400, ಪೆಟ್ಟಿಗೆ ಮತ್ತು ಬೆಳಕು 49,600. ತಪ್ಪು ಬೋರ್ಡು, ಬ್ರೇಕರ್ ಬಾಡಿಗೆ, ತೇವದ ಮೀಟರ್ ನನ್ನ ಕೈಯಿಂದ, ಇದರಲ್ಲಿ ಸೇರಿಲ್ಲ.

ಹಂತ 8. ನವೆಂಬರ್, ಡಿಸೆಂಬರ್ 2024: ಹೋದ ಹೆಸರುಗಳು

ಹತ್ತೊಂಬತ್ತು ಖಾಲಿ ಗೂಡು ತಲೆಯಿಂದ ಹೋಗಲೇ ಇಲ್ಲ. ಈ ಕಚೇರಿಯಲ್ಲೇ ಮೂವತ್ತೆರಡು ವರ್ಷ ದುಡಿದ ಅಂಚೆಯಣ್ಣ ಒಬ್ಬರು ಇದ್ದಾರೆ, ಈಗ 78 ವರ್ಷ. ಫೋನಿನಲ್ಲಿ ಕೇಳಿದೆ. “ಯಾವ ಗೂಡು ಯಾವ ಊರು ಅಂತ ಈಗ ಹೇಳಲಿಕ್ಕೆ ಬರುವುದಿಲ್ಲ ತಮಾ, ಮರೆತುಹೋಗಿದೆ” ಅಂದರು. ಮನೆಗೆ ಹೋಗಿ ಕಪಾಟಿನ ಚಿತ್ರ ಬರೆದು ತೋರಿಸಿದೆ. ಮೂರು ಊರು ಹೇಳಿದರು, ಮೂರೂ ಅನುಮಾನದಲ್ಲೇ.

ಆಮೇಲೆ ಹೊಳೆಯಿತು, ಅವರು ಹೇಳುವುದು ಬೇಡ, ವಿಂಗಡಿಸಲಿ. ಇನ್ನೂರು ಪೋಸ್ಟ್‌ಕಾರ್ಡಿಗೆ ಜಿಲ್ಲೆಯ, ಅಕ್ಕಪಕ್ಕದ ಊರುಗಳ ಹೆಸರು ಬರೆದೆವು. ನವೆಂಬರ್ 24ರಂದು ಅವರನ್ನು ಕರೆತಂದೆವು. ಕಪಾಟಿನ ಎದುರು ನಿಂತರು. ಎಡಗೈಯಲ್ಲಿ ಕಟ್ಟು ಹಿಡಿದರು, ಬಲಗೈ ಎತ್ತಿದರು, ಅಲ್ಲೇ ನಿಂತುಬಿಟ್ಟರು. ಐದು ಕಾರ್ಡು ಹಾಕಿ, ಮೂರನ್ನು ವಾಪಸ್ ತೆಗೆದರು. “ಇದು ಇಲ್ಲಿ ಇರಲಿಲ್ಲ. ಎತ್ತರ ಆಯ್ತು” ಅಂದರು.

ಹೌದು, ನೋಡುವವರ ಕಣ್ಣಿಗೆ ಸರಿಯಾಗಲಿ ಅಂತ ನಾನು ಕಪಾಟನ್ನು ಹೊಸ ಸ್ಟ್ಯಾಂಡಿನ ಮೇಲೆ ಕೂರಿಸಿದ್ದೆ. ಗೋಡೆಯಲ್ಲಿ ಹಳೇ ಮೊಳೆಯ ಗುರುತು ನೋಡಿದರೆ ಕಪಾಟಿನ ತಳ ಮೊದಲು ನೆಲದಿಂದ 31 ಇಂಚು ಮೇಲಿತ್ತು. ಈಗ 41. ನಾವು ನಾಲ್ವರು ಸೇರಿ ಇಳಿಸಿ, ಅದೇ ಮೊಳೆಯ ತೂತಿಗೆ ಕಪಾಟು ಬಿಗಿದೆವು.

ಅಜ್ಜ ಮತ್ತೆ ನಿಂತರು. ಈ ಸಲ ಕಾರ್ಡು ಓದಿದ್ದೇ ತಡ ಕೈ ಹೋಗುತ್ತಿತ್ತು. ಕಪಾಟು ನೋಡಲಿಲ್ಲ, ಕಣ್ಣು ಕಾರ್ಡಿನ ಮೇಲೇ. ಟಪ್, ಟಪ್, ಟಪ್. ಭಟ್ಕಳ ಕೆಳಗೆ, ಕಾರವಾರ ಮೇಲೆ, ಹುಬ್ಬಳ್ಳಿ ನಡುವಿನ ಸಾಲಿನ ಎಡತುದಿ. ಬೊಂಬಾಯಿಗೆ ಎರಡು ಗೂಡು. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ, ಅಲ್ಲಿವರೆಗೆ ಟಪಾಲು ಚೀಲ ಘಟ್ಟ ಹತ್ತಿ ಹುಬ್ಬಳ್ಳಿಗೆ ಬಸ್ಸಿನಲ್ಲೇ ಹೋಗಬೇಕಿತ್ತು ಅಂತ ಕೈ ನಿಲ್ಲಿಸದೇ ಹೇಳಿದರು. ಇನ್ನೂರು ಕಾರ್ಡು ಹತ್ತು ನಿಮಿಷಕ್ಕೆ ಮುಗಿಯಿತು. ಚೀಟಿ ಉಳಿದಿದ್ದ 29 ಗೂಡಿನಲ್ಲಿ 27ಕ್ಕೆ ಸರಿಯಾದ ಊರೇ ಬಿದ್ದಿತ್ತು. ಹಾಗಾಗಿ ಉಳಿದದ್ದನ್ನೂ ನಂಬಬಹುದು ಅಂತ ಧೈರ್ಯ ಬಂತು.

ಒಂದು ವಾರ ಬಿಟ್ಟು, ಕಾರ್ಡು ಕಲಸಿ, ಇನ್ನೊಂದು ಸಲ ಮಾಡಿಸಿದೆವು. ಎರಡೂ ಸಲ ಒಂದೇ ಊರು ಬಿದ್ದ ಗೂಡನ್ನು ಮಾತ್ರ ಲೆಕ್ಕಕ್ಕೆ ಹಿಡಿದೆವು. ಹತ್ತೊಂಬತ್ತರಲ್ಲಿ ಹದಿಮೂರು ಸಿಕ್ಕಿತು. ಹೊಸ ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು, ಹಳೆಯದರ ಹಾಗೆ ಕಾಣದಂತೆ ಬೇರೆ ಬಣ್ಣದ ಕಾಗದಕ್ಕೆ ಬರೆದು ಹಾಕಿದ್ದೇವೆ. ಕಪಾಟಿನ ಪಕ್ಕ ನಾನು ಏನು ಮಾಡಿದೆ ಅಂತ ನಾಲ್ಕು ಸಾಲು ಬರೆದು ತೂಗುಹಾಕಿದ್ದೇವೆ, ‘ನ್ನಾವರ’ ಚೂರನ್ನೂ ಅಲ್ಲೇ ಗಾಜಿನೊಳಗೆ ಇಟ್ಟಿದ್ದೇವೆ.

ಕೆಳಗಿನ ಸಾಲಿನ ಎಡತುದಿಯ ಗೂಡಿಗೆ ಮಾತ್ರ ಅಜ್ಜ ಎರಡೂ ಸಲ ಒಂದು ಕಾರ್ಡೂ ಹಾಕಿರಲಿಲ್ಲ. ಅದು ಯಾವ ಊರು ಅಂತ ಕೇಳಿದೆ.

“ಅದು ಊರಲ್ಲ. ವಿಳಾಸ ಓದಲಿಕ್ಕೆ ಬಾರದ ಕಾಗದ ಅಲ್ಲಿಡುತ್ತಿದ್ದೆವು. ಸಂಜೆ ಎಲ್ಲರೂ ಕುಳಿತು ಓದಲು ನೋಡುವುದು. ಆಗಲೇ ಇಲ್ಲ ಅಂದರೆ ಆರ್‌ಎಲ್‌ಒಗೆ, ತಲುಪಿಸಲಾಗದ ಕಾಗದ ನೋಡುವ ಅಂಚೆ ಕಚೇರಿಗೆ, ಕಳಿಸುವುದು” ಅಂದರು. “ಹೆಚ್ಚಿನದ್ದು ಓದುತ್ತಿದ್ದೆವು.”

ಆ ಗೂಡಿಗೆ ಅವರ ಕೈಯಲ್ಲೇ ಚೀಟಿ ಬರೆಸಿದೆವು. ಉಳಿದ ಐದು ಗೂಡು ಖಾಲಿ ಬಿಟ್ಟಿದ್ದೇವೆ. ಜನವರಿಯಲ್ಲಿ ಜಗುಲಿಯ ನೆಲದ ಕೆಲಸ, ಅದಕ್ಕೆ ಎರಡು ಚೀಲ ಸುಣ್ಣ ಈಗಲೇ ನೆನೆಹಾಕಿದ್ದಾಗಿದೆ.